ಬಂಡೆ ಕೊಟ್ಟರೆ ಹೊಲ ಮರಳಿ ಬರುತ್ತದೆಯೇ?

ಪ್ರಶ್ನೆ: ನಮ್ಮದು ಆರು ಎಕರೆ ಪಿತ್ರಾರ್ಜಿತ ಜಮೀನು. ನಾಲ್ಕು ಎಕರೆಯಲ್ಲಿ ಹಿಪ್ಪುನೇರಳೆ, ರಾಗಿ. ಉಳಿದ ಎರಡು ಎಕರೆ ಬರೀ ಬಂಡೆ. ಮಳೆ ಚೆನ್ನಾಗಿ ಬಂದ ವರ್ಷ ಒಂದಿಷ್ಟು ಹುರುಳಿ ಚೆಲ್ಲುವುದು ಬಿಟ್ಟರೆ ಅಪ್ಪನ ಕಾಲದಿಂದಲೂ ಅಲ್ಲಿ ಏನೂ ಬೆಳೆದಿಲ್ಲ. ಈಗ ಒಬ್ಬ ಗುತ್ತಿಗೆದಾರರು ಬಂದು ಆ ಎರಡು ಎಕರೆಯನ್ನು ಇಪ್ಪತ್ತು ವರ್ಷ ಕಲ್ಲು ಕ್ವಾರಿಗೆ ಕೊಡಿ ಅನ್ನುತ್ತಿದ್ದಾರೆ. ಲೈಸೆನ್ಸು ನಮ್ಮ ಹೆಸರಲ್ಲೇ ಮಾಡಿಸುತ್ತಾರಂತೆ, ಓಡಾಟ, ಖರ್ಚು ಎಲ್ಲ ಅವರದೇ. ನಮಗೆ ಲೋಡಿಗೆ ಇಷ್ಟು ಅಂತ ಕೊಟ್ಟು, ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚಿ ಮೊದಲಿನ ಹಾಗೆ ಮಾಡಿಕೊಡುತ್ತಾರಂತೆ. ತಮ್ಮ ಸಾಲದಲ್ಲಿದ್ದಾನೆ, ಕೊಟ್ಟುಬಿಡೋಣ ಅನ್ನುತ್ತಾನೆ. ಅಮ್ಮ ಮಾತ್ರ ‘ಕಲ್ಲು ತೆಗೆದ ಜಾಗ ಮತ್ತೆ ಭೂಮಿ ಆಗಲ್ಲ’ ಅಂತ ಪಟ್ಟು ಹಿಡಿದು ಕೂತಿದ್ದಾರೆ. ಗುಡ್ಡದ ಆಚೆ ಈಗಾಗಲೇ ಎರಡು ಕ್ವಾರಿ ನಡೆಯುತ್ತಿವೆ. ತಂಗಿಯನ್ನು ದೂರದೂರಿಗೆ ಕೊಟ್ಟಿದ್ದೇವೆ, ಅವಳಿಗೆ ಇನ್ನೂ ಹೇಳಿಲ್ಲ. ನಾನು ಹಿರಿಯವನು, ಇಬ್ಬರ ಮಧ್ಯೆ ಸಿಕ್ಕಿಕೊಂಡಿದ್ದೇನೆ. ಕೊಡಬಹುದೇ? ಕೊಟ್ಟರೆ ಯಾವ ಯಾವ ಪರ್ಮಿಷನ್ ನೋಡಬೇಕು?
— ಹೆಸರು ಬೇಡ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ನಿಮ್ಮ ಅಮ್ಮ ಹೇಳುತ್ತಿರುವುದು ಸರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮನೆಯಲ್ಲಿ ಆಕೆಯ ಮಾತು ಹಟದ ಲೆಕ್ಕಕ್ಕೆ ಸೇರಿಹೋಗಿರುವಂತೆ ಕಾಣುತ್ತದೆ. ಪರವಾನಗಿಯ ವಿಚಾರಕ್ಕೆ ಆಮೇಲೆ ಬರೋಣ. ಮೊದಲು ನಿಮ್ಮ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಹಾಳೆ ಪೆನ್ನು ತೆಗೆದುಕೊಂಡು ಈ ಲೆಕ್ಕ ಹಾಕಿ.

ಎರಡು ಎಕರೆ ಎಂದರೆ ಸುಮಾರು 8,100 ಚದರ ಮೀಟರ್. ಚೌಕವಾಗಿದೆ ಎಂದುಕೊಂಡರೆ ಒಂದು ಬದಿ 90 ಮೀಟರ್. ಗಣಿಯ ಗಡಿಯಿಂದ ಒಳಕ್ಕೆ 7.5 ಮೀಟರ್ ಮುಟ್ಟದೆ ಬಿಡಬೇಕು ಎಂದು ಲೋಹಗಣಿಗಳ 1961ರ ನಿಯಮಾವಳಿ ಹೇಳುತ್ತದೆ. ಹಾಗಾಗಿ ತೋಡಲು ಸಿಗುವುದು 75 ಮೀಟರ್ ಚೌಕ. ಗಟ್ಟಿ ಕಲ್ಲಿನಲ್ಲಿ ವಿಶೇಷ ಅನುಮತಿ ಇಲ್ಲದೆ ಆರು ಮೀಟರ್‌ಗಿಂತ ಹೆಚ್ಚು ನೆಟ್ಟಗೆ ಇಳಿಯುವಂತಿಲ್ಲ. ಆರು ಮೀಟರ್ ಇಳಿದ ಮೇಲೆ ಅಷ್ಟೇ ಅಗಲದ ಮೆಟ್ಟಿಲು ಬಿಟ್ಟು ಮುಂದಕ್ಕೆ ಹೋಗಬೇಕು. ಕ್ವಾರಿಯವರು ಬೆಂಚ್ ಎನ್ನುವುದು ಇದನ್ನೇ. ಮೂರು ಬೆಂಚ್ ಇಳಿದರೆ ಆಳ 18 ಮೀಟರ್, ಅಂದರೆ 60 ಅಡಿಯ ಹತ್ತಿರ. ಅಷ್ಟರಲ್ಲಿ ನಿಮ್ಮ ಹೊಲದಿಂದ ಹೊರಗೆ ಹೋಗಿರುವ ಕಲ್ಲು ಸುಮಾರು 73,000 ಘನ ಮೀಟರ್. ಒಂದು ಟಿಪ್ಪರ್‌ಗೆ ಹತ್ತು ಘನ ಮೀಟರ್ ಎಂದರೆ 7,300 ಲೋಡು. ಇದೆಲ್ಲ ನಿಯಮದ ಪ್ರಕಾರ ತೋಡಿದರೆ ಮಾತ್ರ. ನಿಯಮ ಬಿಟ್ಟು ನೆಟ್ಟಗೆ ಇಳಿಸಿದರೆ ಲೋಡೂ ಹೆಚ್ಚು, ಆಳವೂ ಹೆಚ್ಚು.

ಈಗ ‘ಗುಂಡಿ ಮುಚ್ಚಿಕೊಡುತ್ತೇವೆ’ ಎಂಬ ಮಾತಿಗೆ ಬನ್ನಿ. ಮುಚ್ಚಲು 7,300 ಲೋಡು ಮಣ್ಣು ಎಲ್ಲಿಂದಲಾದರೂ ಬರಬೇಕು. ಲೋಡಿಗೆ ಒಂದು ಸಾವಿರ ರೂಪಾಯಿ ಎಂದೇ ಇಟ್ಟರೂ 73 ಲಕ್ಷ. ಆ ದರಕ್ಕೆ ನಿಮ್ಮ ಕಡೆ ಯಾರೂ ಮಣ್ಣು ತಂದು ಸುರಿಯುವುದಿಲ್ಲ ಎನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬೇರೆ ಗಣಿಗಳಿಗೂ ಕಲ್ಲು ಕ್ವಾರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕಬ್ಬಿಣದ ಅದಿರು ತೆಗೆಯುವಲ್ಲಿ ಅದಿರಿನ ಜೊತೆ ಬೇಡದ ಮಣ್ಣು ಕಲ್ಲು ರಾಶಿ ರಾಶಿಯಾಗಿ ಬೀಳುತ್ತದೆ. ಅದನ್ನು ಮತ್ತೆ ಗುಂಡಿಗೆ ತುಂಬಬಹುದು, ಇಲ್ಲವೇ ರಾಶಿಯ ಬುಡಕ್ಕೆ ತಡೆಗೋಡೆ ಕಟ್ಟಿ, ಮೇಲೆ ಗಿಡ ಬೆಳೆಸಬಹುದು. ಜಲ್ಲಿ ಕ್ವಾರಿಯಲ್ಲಿ ತೆಗೆದದ್ದೆಲ್ಲ ಮಾರಾಟಕ್ಕೇ ಹೋಗುತ್ತದೆ. ದಪ್ಪ ಕಲ್ಲು ಜಲ್ಲಿಯಾಗುತ್ತದೆ, ಪುಡಿ ಎಂ-ಸ್ಯಾಂಡ್ ಆಗುತ್ತದೆ. ತುಂಬಲು ಏನೂ ಉಳಿದಿರುವುದಿಲ್ಲ. ಮಾತು ಕೊಡುವ ಗುತ್ತಿಗೆದಾರರಿಗೂ ಇದು ತಿಳಿದಿರುತ್ತದೆ.

ಹಾಗಾದರೆ ಕಾಗದದ ಮೇಲೆ ‘ಪುನಶ್ಚೇತನ’ ಎಂದು ಬರೆಯುತ್ತಾರಲ್ಲ, ಅದರ ಅರ್ಥವೇನು? ಕ್ವಾರಿ ಯೋಜನೆಯ ಕೊನೆಯಲ್ಲಿ ಮುಚ್ಚುವ ಯೋಜನೆ ಎಂಬ ಭಾಗ ಇರುತ್ತದೆ. ತೆಗೆದಿಟ್ಟ ಮೇಲ್ಮಣ್ಣನ್ನು ಬೆಂಚುಗಳ ಮೇಲೆ ಹರಡುವುದು, ಹೊಂಗೆ, ಬೇವು ನೆಡುವುದು, ಸುತ್ತ ಬೇಲಿ ಹಾಕುವುದು, ತಳದಲ್ಲಿ ಮಳೆನೀರು ನಿಲ್ಲಲು ಬಿಡುವುದು: ಸಾಮಾನ್ಯವಾಗಿ ಅದರಲ್ಲಿರುವುದು ಇಷ್ಟೇ. ಗಣಿಗಾರಿಕೆ ಮುಗಿದ ಜಾಗದಲ್ಲಿ ಮೇವು, ಗಿಡಮರ, ಜೀವಿಗಳು ಬೆಳೆಯುವಂತೆ ಹುಲ್ಲು ಎಬ್ಬಿಸಬೇಕು, ಆ ಷರತ್ತು ಗುತ್ತಿಗೆಯಲ್ಲೂ ಪರಿಸರ ಅನುಮತಿಯಲ್ಲೂ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿ 8ರಂದು ಹೇಳಿದೆ. ಒಳ್ಳೆಯ ಆದೇಶ. ಆದರೆ ಅದನ್ನು ಅಕ್ಷರಶಃ ಪಾಲಿಸಿದರೂ ನಿಮಗೆ ಸಿಗುವುದು ಹುಲ್ಲು, ನಾಲ್ಕು ಮರ ಇರುವ ಒಂದು ಆಳದ ಹೊಂಡ. ಹುರುಳಿ ಚೆಲ್ಲುವ ಹೊಲ ವಾಪಸ್ ಬರುವುದಿಲ್ಲ. ಆದ್ದರಿಂದ ನೀವು ಮನೆಯವರೆಲ್ಲ ಕೂತು ಕೇಳಿಕೊಳ್ಳಬೇಕಾದ್ದು ‘ಇಪ್ಪತ್ತು ವರ್ಷಕ್ಕೆ ಕೊಡೋಣವೇ’ ಎಂದಲ್ಲ. ‘ಈ ಎರಡು ಎಕರೆಯನ್ನು ಶಾಶ್ವತವಾಗಿ ಕಳೆದುಕೊಳ್ಳಲು ಈ ಹಣ ಸಾಕೇ’ ಎಂದು ಕೇಳಿಕೊಳ್ಳಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ ಸಾಲು ‘ಲೈಸೆನ್ಸು ನಮ್ಮ ಹೆಸರಲ್ಲೇ ಮಾಡಿಸುತ್ತಾರಂತೆ’ ಎಂಬುದು. ಇದು ಉಪಕಾರದ ಹಾಗೆ ಕಾಣುತ್ತದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಣ್ಣಿಗೆ ಗುತ್ತಿಗೆ ಯಾರ ಹೆಸರಲ್ಲಿದೆಯೋ ಅವರೇ ಹೊಣೆ. ರಾಜಧನ ಬಾಕಿ ಉಳಿದರೆ ನೋಟಿಸ್ ಬರುವುದು ನಿಮಗೆ. ಗಡಿ ದಾಟಿ ಪಕ್ಕದ ಗೋಮಾಳಕ್ಕೆ ತೋಡಿದರೆ, ಅನುಮತಿಗಿಂತ ಹೆಚ್ಚು ಕಲ್ಲು ಸಾಗಿಸಿದರೆ ಹೆಸರು ನಿಮ್ಮದು. 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಅಕ್ರಮ ಗಣಿಗಾರಿಕೆಗೆ ಐದು ವರ್ಷದವರೆಗೆ ಜೈಲು, ಹೆಕ್ಟೇರಿಗೆ ಐದು ಲಕ್ಷ ರೂಪಾಯಿವರೆಗೆ ದಂಡ ಇದೆ. ಅದಕ್ಕಿಂತ ದೊಡ್ಡ ಪೆಟ್ಟು 21ನೇ ಸೆಕ್ಷನ್‌ನ ಐದನೇ ಉಪಸೆಕ್ಷನ್. ಅಕ್ರಮವಾಗಿ ತೆಗೆದ ಖನಿಜವನ್ನು, ಅದು ಮಾರಿಹೋಗಿದ್ದರೆ ಅದರ ಬೆಲೆಯನ್ನು ವಸೂಲು ಮಾಡಬಹುದು. ಒಡಿಶಾದ ಗಣಿ ಪ್ರಕರಣದಲ್ಲಿ 2017ರ ಆಗಸ್ಟ್ 2ರಂದು ಸುಪ್ರೀಂ ಕೋರ್ಟ್, ಪರಿಸರ ಅನುಮತಿ ಇಲ್ಲದೆ ಅಥವಾ ಅದನ್ನು ಮೀರಿ ತೆಗೆದ ಅದಿರಿನ ಪೂರ್ತಿ ಬೆಲೆ ಕಟ್ಟಬೇಕು ಎಂದಿತು. ಪೂರ್ತಿ ಬೆಲೆ ಎಂದರೆ ನಿಮ್ಮ ಕೈಗೆ ಬಂದ ಲೋಡಿನ ದುಡ್ಡಲ್ಲ, ಮಾರುಕಟ್ಟೆಯ ಬೆಲೆ. ಲಾಭ ಒಬ್ಬರಿಗೆ, ವಸೂಲಿ ಇನ್ನೊಬ್ಬರಿಂದ. ಕೊಡುವುದೇ ಆದರೆ ಗುತ್ತಿಗೆ, ಪರಿಸರ ಅನುಮತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಸ್ಫೋಟಕದ ಕಾಗದ ಎಲ್ಲವೂ ಕ್ವಾರಿ ನಡೆಸುವವರ ಹೆಸರಲ್ಲೇ ಇರಲಿ. ನೀವು ಭೂಮಾಲೀಕರಾಗಿ ಒಪ್ಪಿಗೆ ಪತ್ರ ಮಾತ್ರ ಕೊಡಿ. ಇದಕ್ಕೆ ಅವರು ಒಪ್ಪದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. ಜಿಪಿಎ ಎಂಬ ಅಧಿಕಾರ ಪತ್ರ ಬರೆದುಕೊಡುವುದು, ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕುವುದು ಇವೆರಡೂ ಯಾವ ಕಾರಣಕ್ಕೂ ಬೇಡ.

ಪರವಾನಗಿಗಳ ಸಾಲು ಹೀಗಿದೆ. ಕಟ್ಟಡದ ಕಲ್ಲು ಉಪ ಖನಿಜ. ಅದಕ್ಕೆ ಅನ್ವಯಿಸುವುದು ರಾಜ್ಯದ 1994ರ ಉಪ ಖನಿಜ ರಿಯಾಯಿತಿ ನಿಯಮಾವಳಿ. ಅರ್ಜಿ ಜಿಲ್ಲೆಯ ಗಣಿ ಇಲಾಖೆ ಕಚೇರಿಗೆ ಹೋಗುತ್ತದೆ, ಕಂದಾಯ ಮತ್ತು ಅರಣ್ಯ ಇಲಾಖೆಗಳ ನಿರಾಕ್ಷೇಪಣೆ ಪಡೆಯಬೇಕು. ಆಮೇಲೆ ಅರ್ಹ ತಜ್ಞರು ಬರೆದ ಕ್ವಾರಿ ಯೋಜನೆಗೆ ಅನುಮೋದನೆ, ರಾಜ್ಯ ಮಟ್ಟದ ಪರಿಸರ ಆಘಾತ ಅಂದಾಜು ಪ್ರಾಧಿಕಾರದಿಂದ ಪರಿಸರ ಅನುಮತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ. ಕ್ರಷರ್ ಹಾಕುವುದಾದರೆ 2011ರ ಕಲ್ಲು ಪುಡಿ ಮಾಡುವ ಘಟಕಗಳ ಕಾಯ್ದೆಯಡಿ ಬೇರೆಯೇ ಲೈಸೆನ್ಸು. ಇದೆಲ್ಲ ಮುಗಿದ ಮೇಲೂ ಪ್ರತಿ ಲಾರಿಗೆ ಸಾಗಣೆ ಪರವಾನಗಿ ಇರಲೇಬೇಕು.

ಈ ಸಾಲಿನಲ್ಲಿ ಒಂದು ಕಡೆ ನಿಲ್ಲೋಣ. ‘ಎರಡೇ ಎಕರೆ, ಚಿಕ್ಕದು, ಪರಿಸರದ್ದೆಲ್ಲ ಏನೂ ಬೇಡ’ ಎಂದು ನಿಮಗೆ ಹೇಳಬಹುದು. ಅದು ಹಳೆಯ ಮಾತು. ಐದು ಹೆಕ್ಟೇರಿಗಿಂತ ಚಿಕ್ಕ ಉಪ ಖನಿಜ ಗಣಿಗೂ ಮೊದಲೇ ಪರಿಸರ ಅನುಮತಿ ಬೇಕು ಎಂದು ದೀಪಕ್ ಕುಮಾರ್ ಪ್ರಕರಣದಲ್ಲಿ 2012ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ದೊಡ್ಡ ಗುಡ್ಡವನ್ನು ತುಂಡು ತುಂಡು ಗುತ್ತಿಗೆ ಮಾಡಿ ತನಿಖೆಯಿಂದ ನುಣುಚಿಕೊಳ್ಳುವುದನ್ನು ತಡೆಯಲೆಂದೇ ಬಂದ ತೀರ್ಪು ಅದು. ಅದರ ಬೆನ್ನಿಗೆ ‘ಕ್ಲಸ್ಟರ್’ ಲೆಕ್ಕ ಬಂತು. ಒಂದು ಗುತ್ತಿಗೆಯ ಅಂಚಿನಿಂದ ಇನ್ನೊಂದರ ಅಂಚಿಗೆ 500 ಮೀಟರ್‌ಗಿಂತ ಕಡಿಮೆ ದೂರ ಇದ್ದರೆ, ಅದೇ ಖನಿಜದ ಗಣಿಗಳಾದರೆ, ಅವೆಲ್ಲವನ್ನೂ ಒಟ್ಟು ಸೇರಿಸಿ ನೋಡುತ್ತಾರೆ. ಒಟ್ಟು ಐದು ಹೆಕ್ಟೇರ್, ಅಂದರೆ 12 ಎಕರೆ 14 ಗುಂಟೆ ದಾಟಿದರೆ ವಿವರವಾದ ಅಧ್ಯಯನವೂ ಸಾರ್ವಜನಿಕ ವಿಚಾರಣೆಯೂ ಆಗಬೇಕು. ಗುಡ್ಡದ ಆಚೆ ಎರಡು ಕ್ವಾರಿ ಇವೆ ಎಂದಿದ್ದೀರಿ. ಅವು ನಿಮ್ಮ ಬಂಡೆಯಿಂದ ಎಷ್ಟು ದೂರ, ಎಷ್ಟೆಷ್ಟು ಎಕರೆ ಎಂದು ಗಣಿ ಇಲಾಖೆಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಿ. ವಿಚಾರಣೆ ಆಗುವುದಾದರೆ ಮಾಲಿನ್ಯ ಮಂಡಳಿ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಿಸಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಕೂತು ನಡೆಸಬೇಕು. ಊರವರು ಎದ್ದು ಹೇಳಿದ್ದು ನಡಾವಳಿಯಲ್ಲಿ ದಾಖಲಾಗಬೇಕು. ಅನುಮತಿ ಸಿಕ್ಕ ಮೇಲೆ ಅದನ್ನು ಪ್ರಶ್ನಿಸಬೇಕೆಂದರೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ 30 ದಿನದೊಳಗೆ ಹೋಗಬೇಕು. ತಡವಾದುದಕ್ಕೆ ತಕ್ಕ ಕಾರಣ ಕೊಟ್ಟರೆ ಇನ್ನೂ 60 ದಿನ ಅವಕಾಶ ಇದೆ, ಅದು ದಾಟಿದರೆ ಬಾಗಿಲು ಮುಚ್ಚಿದಂತೆಯೇ.

ಇನ್ನು ನಿಮ್ಮ ನಾಲ್ಕು ಎಕರೆ. ಅದಕ್ಕೆ ಏನಾಗುತ್ತದೆ ಎಂದು ಪತ್ರದಲ್ಲಿ ನೀವು ಕೇಳಿಲ್ಲ, ನನಗೆ ಚಿಂತೆ ಇರುವುದು ಅದರದೇ. ರೇಷ್ಮೆ ಹುಳು ಸಾಕುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಗಲೂ ರಾತ್ರಿ ಮೇಯುತ್ತದೆ. ಇಡೀ ಬೆಳೆಯ ಸೊಪ್ಪಿನ ಬಹುಪಾಲು ಖರ್ಚಾಗುವುದು ಆ ಏಳೆಂಟು ದಿನದಲ್ಲೇ. ಆಗ ತೋಟದ ಸೊಪ್ಪಿನ ಮೇಲೆ ಬೆರಳಾಡಿಸಿದರೆ ಬಿಳಿ ಗೆರೆ ಮೂಡುವಷ್ಟು ಕಲ್ಲಿನ ದೂಳು ಕೂತಿದ್ದರೆ ಹುಳು ಸರಿಯಾಗಿ ಮೇಯುವುದಿಲ್ಲ, ಗೂಡು ಹಗುರವಾಗುತ್ತದೆ, ಕೆಲವೊಮ್ಮೆ ಚಂದ್ರಿಕೆಗೆ ಹಾಕುವ ಹೊತ್ತಿಗೆ ಅರ್ಧ ಹುಳು ಇರುವುದಿಲ್ಲ. ಸೊಪ್ಪನ್ನೆಲ್ಲ ತೊಳೆದು ಹಾಕಲು ನೀರೂ ಆಳೂ ಎಲ್ಲಿದೆ? ಗಾಳಿ ವರ್ಷದ ಯಾವ ತಿಂಗಳಲ್ಲಿ ಬಂಡೆಯ ಕಡೆಯಿಂದ ತೋಟಕ್ಕೆ ಬೀಸುತ್ತದೆ ಎಂದು ನಿಮ್ಮ ಅಮ್ಮನನ್ನೇ ಕೇಳಿ, ಅವರಿಗೆ ಗೊತ್ತಿರುತ್ತದೆ. ಎರಡು ಎಕರೆಯ ಆದಾಯ ಬರೆದ ಹಾಳೆಯಲ್ಲೇ ನಾಲ್ಕು ಎಕರೆಯ ನಷ್ಟವನ್ನೂ ಬರೆದುಕೊಳ್ಳಿ.

ಮದ್ದಿನ ವಿಚಾರವನ್ನು ನಿಮ್ಮ ಜಿಲ್ಲೆಯವರಿಗೆ ನೆನಪಿಸುವ ಅಗತ್ಯ ಇಲ್ಲ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಹೋದರು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, ಜನವರಿ 21ರ ರಾತ್ರಿ, ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕದ ಲಾರಿಯೇ ಸಿಡಿದಿತ್ತು. ಕುಳಿಗೆ ಮದ್ದು ತುಂಬಿ ಸಿಡಿಸುವವರಿಗೆ ಪ್ರಮಾಣಪತ್ರ ಇರಬೇಕು, ಸಿಡಿಸುವಾಗ ಸುತ್ತ ಕನಿಷ್ಠ 300 ಮೀಟರ್ ದೂರದೊಳಗೆ ಯಾರೂ ಬಯಲಲ್ಲಿ ಇರಬಾರದು. ಸ್ಫೋಟಕ ಎಲ್ಲಿಂದ ಬರುತ್ತದೆ, ಎಲ್ಲಿ ಇಡುತ್ತಾರೆ, ಉಳಿದದ್ದನ್ನು ಏನು ಮಾಡುತ್ತಾರೆ ಎಂದು ನೇರವಾಗಿ ಕೇಳಿ. ‘ನಮ್ಮ ಹುಡುಗರು ನೋಡಿಕೊಳ್ಳುತ್ತಾರೆ’ ಎಂಬ ಉತ್ತರ ಬಂದರೆ ಎದ್ದು ಬನ್ನಿ.

ಇಷ್ಟೆಲ್ಲ ಕೇಳಿಯೂ ಕೊಡುವುದೇ ಎಂದು ಮನೆಯವರೆಲ್ಲ ತೀರ್ಮಾನಿಸಿದರೆ, ಕರಾರಿನಲ್ಲಿ ಒಂದು ಅಂಶದ ಮೇಲೆ ಹಟ ಹಿಡಿಯಿರಿ: ಮುಚ್ಚುವ ಹಣ ತೋಡುವ ಮೊದಲೇ ಬ್ಯಾಂಕಿನಲ್ಲಿ ಇರಬೇಕು. ಅಮೆರಿಕದಲ್ಲಿ ತೆರೆದ ಕಲ್ಲಿದ್ದಲು ಗಣಿಗಳಿಗೆ 1977ರಲ್ಲಿ ತಂದ ಕಾನೂನಿನ ಜೀವ ಇರುವುದೇ ಇದರಲ್ಲಿ. ಗಣಿಯವರು ಅರ್ಧಕ್ಕೆ ಬಿಟ್ಟು ಓಡಿಹೋದರೂ ಸರ್ಕಾರವೇ ನೆಲವನ್ನು ಸರಿಪಡಿಸಲು ಸಾಕಾಗುವಷ್ಟು ಭದ್ರತೆ ಇಟ್ಟ ಮೇಲೆಯೇ ಅಲ್ಲಿ ಪರವಾನಗಿ. ಗುಂಡಿ ತುಂಬಿ ಇಳಿಜಾರು ಸರಿ ಮಾಡಿದ ಮೇಲೆ ಶೇ. 60ರಷ್ಟು ಬಿಡುಗಡೆ, ಉಳಿದದ್ದು ಹಸಿರು ಹಿಡಿದ ಮೇಲೆ. ನೆಟ್ಟದ್ದು ಬದುಕಿತೇ ಎಂದು ಐದು ವರ್ಷ, ಮಳೆ ಕಡಿಮೆ ಇರುವ ಕಡೆ ಹತ್ತು ವರ್ಷ ಗಣಿಯವರೇ ಹೊಣೆ. ನಮ್ಮಲ್ಲೂ ಕಬ್ಬಿಣದಂಥ ಪ್ರಧಾನ ಖನಿಜದ ಗಣಿಗಳಿಗೆ ಭದ್ರತಾ ಹಣದ ನಿಯಮ ಇದೆ. 2021ರಲ್ಲಿ ಅದನ್ನು ‘ಎ’ ದರ್ಜೆಯ ಗಣಿಗೆ ಹೆಕ್ಟೇರಿಗೆ ಐದು ಲಕ್ಷ, ‘ಬಿ’ ದರ್ಜೆಗೆ ಮೂರು ಲಕ್ಷ ಮಾಡಿದರು. ಮೇಲಿನ 73 ಲಕ್ಷದ ಪಕ್ಕ ಇಟ್ಟು ನೋಡಿದರೆ ಇದು ಎಷ್ಟು ಕಡಿಮೆ ಎಂದು ತಿಳಿಯುತ್ತದೆ. ಹಣ ಮುಂಚೆ ಕಟ್ಟಿಸದೆ ‘ಮುಗಿದ ಮೇಲೆ ಸರಿ ಮಾಡಿಕೊಡುತ್ತೇವೆ’ ಎಂದದ್ದನ್ನು ನಂಬುವುದು, ಧಾರೆ ಆದ ಮೇಲೆ ಗಂಡಿನ ಊರು ವಿಚಾರಿಸಿದ ಹಾಗೆ.

ನಿಮ್ಮ ಕರಾರಿನಲ್ಲಿ ಹೀಗೆ ಬರೆಸಿ: ಇಂತಿಷ್ಟು ಲಕ್ಷ ನಿಮ್ಮ ಮತ್ತು ಗುತ್ತಿಗೆದಾರರ ಜಂಟಿ ಹೆಸರಿನ ಠೇವಣಿಯಲ್ಲಿರಬೇಕು, ಬೆಂಚು, ಬೇಲಿ, ಮೇಲ್ಮಣ್ಣು, ಗಿಡ ಒಂದೊಂದೂ ಮುಗಿದ ಹಾಗೆ ಕಂತಿನಲ್ಲಿ ಬಿಡುಗಡೆ ಆಗಬೇಕು. ಮೇಲ್ಮಣ್ಣನ್ನು ಎಲ್ಲಿ ರಾಶಿ ಹಾಕುತ್ತಾರೆ ಎಂದು ನಕಾಶೆಯಲ್ಲಿ ಗುರುತು ಮಾಡಿಸಿ, ಅದನ್ನು ಮಾರುವಂತಿಲ್ಲ ಎಂದೂ ಬರೆಸಿ. ಗುಂಡಿಗೆ ಕಸ ಸುರಿಯುವಂತಿಲ್ಲ ಎಂಬ ಸಾಲು ಮರೆಯಬೇಡಿ. ಬೆಂಗಳೂರಿನ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕ್ವಾರಿ ಗುಂಡಿಗಳು ಏನಾದವು ಎಂದು ಆ ಕಡೆಯವರನ್ನು ಕೇಳಿ ನೋಡಿ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗದಿದ್ದರೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಲೇಬೇಕು. ಮೊದಲ ಮದ್ದು ಸಿಡಿಯುವ ಮುಂಚೆ ಅಕ್ಕಪಕ್ಕದ ಮನೆಗಳ ಗೋಡೆಗಳ ಫೋಟೊ ತೆಗೆಸಿ. ಇರುವ ಬಿರುಕಿನ ಮೇಲೆ ಅಡ್ಡಲಾಗಿ ಸಣ್ಣ ಗಾಜಿನ ಪಟ್ಟಿಯನ್ನು ಸಿಮೆಂಟಿನಲ್ಲಿ ಅಂಟಿಸಿ ದಿನಾಂಕ ಬರೆದರೆ, ಗೋಡೆ ಅಲುಗಿದ ದಿನ ಗಾಜು ಮುರಿದು ತಾನೇ ಹೇಳುತ್ತದೆ. ಬೋರ್‌ವೆಲ್ಲಿನ ನೀರಿನ ಮಟ್ಟವನ್ನೂ ಅಳೆದು ಬರೆದಿಡಿ. ಪರಿಸರ ಅನುಮತಿ ಪಡೆದವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಸಲ್ಲಿಸಬೇಕು. ಅದರ ಪ್ರತಿ ತರಿಸಿಕೊಂಡು, ಅದರಲ್ಲಿ ನೆಟ್ಟಿದ್ದೇವೆ ಎಂದಿರುವ ಗಿಡಗಳನ್ನು ಹೋಗಿ ಎಣಿಸಿ.

ಮನೆಯ ಮಾತು ಉಳಿಯಿತು. ನಿಮ್ಮ ತಂಗಿಗೆ ಹೇಳದೆ ಇದರಲ್ಲಿ ಒಂದು ಹೆಜ್ಜೆಯೂ ಇಡಬೇಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು, ಅಪ್ಪ ಯಾವಾಗ ತೀರಿಕೊಂಡರು ಎಂಬುದು ಮುಖ್ಯವಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅಮ್ಮ ಮತ್ತು ತಂಗಿ ಇಬ್ಬರ ಸಹಿಯೂ ಇಲ್ಲದ ಒಪ್ಪಿಗೆ ನಾಳೆ ಮುರಿದು ಬೀಳುತ್ತದೆ, ಸಂಬಂಧವೂ ಅದರ ಜೊತೆ ಹೋಗುತ್ತದೆ. ಪಹಣಿಯ ಜೊತೆಗೆ ಹಳೆಯ ಮಂಜೂರಾತಿ ದಾಖಲೆಯನ್ನೂ ನೋಡಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯಾಗಿದ್ದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಗುತ್ತಿಗೆ ಕೊಡುವುದೂ ಪರಭಾರೆಯೇ, ಅದು ಊರ್ಜಿತವಾಗುವುದಿಲ್ಲ.

ನಿಮ್ಮ ತಮ್ಮನ ಮೇಲೆ ಕೋಪ ಬೇಡ. ಸಾಲದಲ್ಲಿರುವವರಿಗೆ ಮುಂದಿನ ಇಪ್ಪತ್ತು ವರ್ಷ ಕಾಣುವುದಿಲ್ಲ, ಮುಂದಿನ ಕಂತು ಕಾಣುತ್ತದೆ. ಸಾಲ ಎಷ್ಟು, ಯಾರ ಬಳಿ, ಎಷ್ಟು ಬಡ್ಡಿ ಎಂದು ನಾಲ್ವರೂ ಕೂತು ಬರೆಯಿರಿ. ಕೈಸಾಲವಾಗಿದ್ದರೆ ಸೊಸೈಟಿಗೋ ಬ್ಯಾಂಕಿಗೋ ಬದಲಾಯಿಸುವ ದಾರಿ ಮೊದಲು ಹುಡುಕಿ. ಕ್ವಾರಿಯ ಅನುಮತಿಗಳೆಲ್ಲ ಮುಗಿದು ಮೊದಲ ಲೋಡು ಹೊರಡುವುದಕ್ಕೇ ಬಹಳ ತಿಂಗಳು ಬೇಕು, ಆತನ ತುರ್ತಿಗೆ ಆ ಹಣ ಒದಗುವುದಿಲ್ಲ. ಬೇಗ ಒದಗುತ್ತದೆ ಎಂದು ಯಾರಾದರೂ ಮುಂಗಡ ಕೈಗಿಟ್ಟರೆ, ಅದಕ್ಕೆ ಸಹಿ ಹಾಕಬೇಕಾದ ಕಾಗದವನ್ನು ವಕೀಲರಿಗೆ ತೋರಿಸದೆ ಮುಟ್ಟಬೇಡಿ.

ಆ ಬಂಡೆ ಸುಮ್ಮನೆ ಬಿದ್ದಿದೆ ಎಂದು ನೀವು ಬರೆದಿದ್ದೀರಿ. ನಿಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ. ಎರಡು ಎಕರೆ ಬರಿ ಬಂಡೆಯ ಮೇಲೆ ಬೀಳುವ ನೀರು ಸುಮಾರು 56 ಲಕ್ಷ ಲೀಟರ್. ಬಂಡೆ ಮಣ್ಣಿನ ಹಾಗೆ ನೀರು ಕುಡಿಯುವುದಿಲ್ಲ, ಹರಿಸಿ ಕೆಳಕ್ಕೆ ಬಿಡುತ್ತದೆ. ಅರ್ಧದಷ್ಟು ಹಿಡಿದರೂ 28 ಲಕ್ಷ ಲೀಟರ್, ಕೆಳಗೇ ಹಿಪ್ಪುನೇರಳೆ ತೋಟ. ಬಂಡೆಯ ಬುಡದಲ್ಲಿ ಕಲ್ಲಿನ ಒಡ್ಡು ಕಟ್ಟಿ ನೀರನ್ನು ಕೃಷಿ ಹೊಂಡಕ್ಕೆ ತಿರುಗಿಸಿದರೆ ಬೇಸಿಗೆಯಲ್ಲಿ ಒಂದು ಬೆಳೆ ಹುಳು ಹೆಚ್ಚಿಗೆ ಎಬ್ಬಿಸಬಹುದೇನೋ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೃಷಿ ಹೊಂಡಕ್ಕೆ ಈ ವರ್ಷ ಯಾವ ಸಹಾಯಧನ ಇದೆ ಎಂದು ವಿಚಾರಿಸಿ, ಕೃಷಿ ಅಧಿಕಾರಿಯನ್ನು ಒಮ್ಮೆ ಜಾಗಕ್ಕೆ ಕರೆತನ್ನಿ. ಗುತ್ತಿಗೆದಾರರಿಗೆ ಉತ್ತರ ಕೊಡುವುದು ಅದಾದ ಮೇಲೆ ಆಗಲಿ. ಅವರು ಅವಸರ ಮಾಡಿದರೆ ತಂಗಿ ಇನ್ನೂ ಊರಿಗೆ ಬಂದಿಲ್ಲ ಎಂದು ಹೇಳಿ. ಅದು ನಿಜವೂ ಹೌದು.